ಇನ್‌ಸ್ಟಾಗ್ರಾಮ್ 7% ಜನಕ್ಕೆ ಮಾತ್ರ ತೋರಿಸುತ್ತಾ?

ಹಬ್ಬದ ಸೀಸನ್ ಬಂದ್ರೆ ಮುಂಬೈ ಸುತ್ತಮುತ್ತ ಡೊಂಬಿವಲಿ, ಮಾಟುಂಗಾ ಕಡೆ ಮನೇಲೇ ಚಕ್ಲಿ, ಹೋಳಿಗೆ ಮಾಡಿ ಮಾರೋ ನಮ್ಮ ಕನ್ನಡದವರ ಗ್ರೂಪ್‌ಗಳಲ್ಲಿ ಆ ಮೆಸೇಜ್ ಮತ್ತೆ ಸುತ್ತೋಕೆ ಶುರು: ಪೋಸ್ಟ್ ಹಾಕಿದ್ರೆ 7% ಫಾಲೋವರ್ಸ್‌ಗೆ ಮಾತ್ರ ಹೋಗುತ್ತೆ, ಎಲ್ರೂ ಕೆಳಗೆ 'ಯೆಸ್' ಅಂತ ಬರೀರಿ ಅಂತ.

ಅಂಥ ಲಿಮಿಟ್ ಏನೂ ಇಲ್ಲ. ಇದು ಹಳೇ ಸರಕು, 2019ರಲ್ಲೇ ಇನ್‌ಸ್ಟಾಗ್ರಾಮ್‌ನವರು ಸುಳ್ಳು ಅಂತ ಬಹಿರಂಗವಾಗಿ ಹೇಳಿದ್ರು. 2016ರಿಂದ ಫೀಡ್ ಬರೀ ಟೈಮ್ ಪ್ರಕಾರ ಬರಲ್ಲ, ಯಾರು ಯಾರ ಪೋಸ್ಟ್ ಜಾಸ್ತಿ ನೋಡ್ತಾರೆ, ಕಾಮೆಂಟ್ ಮಾಡ್ತಾರೆ ಅನ್ನೋದರ ಮೇಲೆ ಹಿಂದೆಮುಂದೆ ಆಗುತ್ತೆ, ಅದಕ್ಕೇ ನಿಮ್ಮದು ಕೆಲವರಿಗೆ ಕಾಣದೇ ಹೋಗಬಹುದು, ಮೆಸೇಜ್ ನಂಬೋಕೆ ಅದೂ ಒಂದು ಕಾರಣ. ಹತ್ತಾರು ಜನ 'ಯೆಸ್' ಅಂದ್ರೆ ಆ ಪೋಸ್ಟ್ ಸ್ವಲ್ಪ ಓಡಲೂಬಹುದು, ಕಾಮೆಂಟ್ ಬಂತಲ್ಲ! ಚಕ್ಲಿ ಆರ್ಡರ್ ಬರೋದು ಬೇರೆ ಮಾತು.

ನೀವೇ ಚೆಕ್ ಮಾಡಿ. ಅಕೌಂಟನ್ನ ಪ್ರೊಫೆಷನಲ್‌ಗೆ ಬದಲಾಯಿಸಿ, ಫ್ರೀನೇ, ಆಮೇಲೆ ಹಾಕೋ ಪೋಸ್ಟ್‌ನ ಇನ್‌ಸೈಟ್ಸ್‌ನಲ್ಲಿ ಎಷ್ಟು ಜನಕ್ಕೆ ತಲುಪಿತು, ಅದ್ರಲ್ಲಿ ಫಾಲೋವರ್ಸ್ ಎಷ್ಟು ಅಂತ ಸಿಗುತ್ತೆ. 400 ಫಾಲೋವರ್ಸ್ ಇದ್ರೆ 7% ಅಂದ್ರೆ 28 ಜನ, ನಿಮ್ಮ ನಂಬರ್ ಪಕ್ಕ ಇಟ್ಟು ನೋಡಿ. ನಾಲ್ಕೈದು ಪೋಸ್ಟ್ ನೋಡಿದ್ರೆ ಒಂದೊಂದಕ್ಕೂ ಬೇರೆ ಲೆಕ್ಕ ಇರುತ್ತೆ, ಲಿಮಿಟ್ ಇದ್ದಿದ್ರೆ ಎಲ್ಲಾ ಅಲ್ಲೇ ನಿಲ್ಲಬೇಕಿತ್ತು. ಇನ್ನು ಮೆಸೇಜ್‌ನಲ್ಲಿ ತಾರೀಖು, ಲಿಂಕ್ ಇದೆಯಾ ನೋಡಿ, ಅದರ ಒಂದು ಸಾಲು ಗೂಗಲ್‌ಗೆ ಹಾಕಿ, ವರ್ಷಗಳ ಹಿಂದಿನದೇ ಸಿಗುತ್ತೆ.

ಕಳಿಸಿದವರ ಮೇಲೆ ರೇಗಬೇಡಿ, ಪಾಪ ಅವರ ವ್ಯಾಪಾರನೂ ಡಲ್ ಇರುತ್ತೆ. ಇನ್‌ಸೈಟ್ಸ್ ಸ್ಕ್ರೀನ್‌ಶಾಟ್ ಕಳಿಸಿ ಸಾಕು.