ನಮ್ಮೂರ ದುಡ್ಡು ನಮ್ಮೂರಲ್ಲೇ ಓಡಾಡಬೇಕು

ದೊಡ್ಡ ಕಾರ್ಖಾನೆ ಬಂದರೆ ಮಾತ್ರ ಸಣ್ಣ ಊರು ಉದ್ಧಾರ ಆಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಕಲಬುರಗಿ ಜಿಲ್ಲೆಯ ನಮ್ಮ ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಎಷ್ಟೋ ವರ್ಷಗಳಿಂದ ಇವೆ. ಆದರೂ ನಮ್ಮ ಹುಡುಗರು ಹೈದರಾಬಾದ್, ಪುಣೆ, ಮುಂಬೈ ಅಂತ ದುಡಿಯಲು ಹೋಗುವುದು ನಿಂತಿಲ್ಲ.

ನಮ್ಮ ಓಣಿಯ ಹೆಣ್ಣುಮಕ್ಕಳು ಸಂಘದಿಂದ ಸಾಲ ತೆಗೆದು ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಾರೆ. ಬೆಳಿಗ್ಗೆ ಐದಕ್ಕೇ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಜೋಳ ಪಕ್ಕದ ಹಳ್ಳಿಯದು, ಗಿರಣಿ ಎದುರು ಮನೆಯದು, ಒಯ್ಯುವ ಆಟೋನೂ ನಮ್ಮವರದೇ. ಒಂದು ರೊಟ್ಟಿಯ ದುಡ್ಡು ನಾಲ್ಕು ಮನೆ ಸುತ್ತುತ್ತದೆ, ಅಲ್ವಾ?

ತೊಗರಿಯಲ್ಲಿ ಹೀಗೆ ಆಗುತ್ತಿಲ್ಲ, ಅದೇ ಸಂಕಟ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಭಾಗದ್ದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿತು. ಆದರೆ ಸಾಲ ತೀರಿಸುವ ಅವಸರಕ್ಕೆ ಎಷ್ಟೋ ರೈತರು ರಾಶಿ ಆದ ಕೂಡಲೇ ಕಾಳು ಮಾರುತ್ತಾರೆ, ಆಮೇಲೆ ಜಾಸ್ತಿ ದುಡ್ಡು ಕೊಟ್ಟು ಅಂಗಡಿಯಿಂದ ಬೇಳೆ ತರುತ್ತಾರೆ. ಹತ್ತು ರೈತರು ಕೂಡಿ ಒಂದು ಸಣ್ಣ ಬೇಳೆ ಯಂತ್ರ ಹಾಕಿಕೊಂಡರೂ ಆ ಲಾಭ ಊರಲ್ಲೇ ಉಳಿಯುತ್ತದೆ.

ರೊಟ್ಟಿ ಮಾರಲು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಕೊಡಿ ಎಂದು ಓಣಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಸಲ ಈ ಕಡೆ ಬಂದಾಗ ನಮ್ಮ ಓಣಿಗೂ ಬನ್ನಿ ಸರ್. ಬಿಸಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಇರುತ್ತದೆ.