ಅತ್ತೆಯ ಬುತ್ತಿ, ನನ್ನ ಬಸ್ಸು

ಮಗಳು ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೆ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಮೈಸೂರಿನಿಂದ ಅಲ್ಲಿಗೆ ಬಸ್ ಪ್ರಯಾಣ ತಪ್ಪಿದ್ದಲ್ಲ. 700 ಕಿಲೋಮೀಟರಿಗೂ ಜಾಸ್ತಿ ದೂರ. ಸಂಜೆ ಹತ್ತಿ ಕೂತರೆ ಇಳಿಯುವುದು ಬೆಳಿಗ್ಗೆ. ರೈಲಿದೆಯಲ್ಲ ಅಂತ ನೀವು ಕೇಳಬಹುದು. ಇದೆ. ನಾನು ಟಿಕೆಟ್ ಮಾಡಿಸಲು ಹೊರಟಾಗ ಅದು ಯಾವತ್ತೂ ವೇಟಿಂಗ್ ಲಿಸ್ಟಿನಲ್ಲೇ ಇರುತ್ತದೆ.

ಈ ವಿಷಯ ಗೊತ್ತಾದ ದಿನದಿಂದ ಮಂಡ್ಯದ ನಮ್ಮ ಅತ್ತೆ ನನ್ನ ಊಟದ ಜವಾಬ್ದಾರಿ ಹೊತ್ತಿದ್ದಾಳೆ. ಹೊತ್ತಿದ್ದಾಳೆ ಅಂದರೆ ನಿಜವಾಗಿಯೂ ತಲೆ ಮೇಲೆ, ಕಂಕುಳಲ್ಲಿ, ಎರಡೂ ಕೈಯಲ್ಲಿ.

ಮೊದಲೆಲ್ಲ ಇದು ಇಷ್ಟು ಕಷ್ಟ ಇರಲಿಲ್ಲ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಬಸ್ಸು ಮಂಡ್ಯ ಸ್ಟ್ಯಾಂಡಿನೊಳಗೆ ಬಂದೇ ಹೋಗುತ್ತಿತ್ತು. ಅತ್ತೆ ಬಂದು ಕಿಟಕಿಯಿಂದ ಬುತ್ತಿ ಗಂಟು ತೂರಿಸುತ್ತಿದ್ದಳು. ಕಂಡಕ್ಟರ್ ಸಿಡುಕಿದರೆ ಅವರ ಕೈಗೂ ಎರಡು ಕೋಡುಬಳೆ. ಮುಂದೆ ಮದ್ದೂರಿನಲ್ಲಿ ವಡೆ. ಆ ವಡೆ ಹುಟ್ಟಿದ್ದೇ ಪ್ರಯಾಣಿಕರ ಅವಸರದಲ್ಲಿ ಅನ್ನುತ್ತಾರೆ. 1917ರಲ್ಲಿ ಮದ್ದೂರು ರೈಲ್ವೆ ನಿಲ್ದಾಣದಲ್ಲಿ ಪಕೋಡ ಬೇಯುವ ಮೊದಲೇ ರೈಲು ಬಂದುಬಿಟ್ಟಿತಂತೆ. ಇದ್ದ ಹಿಟ್ಟನ್ನೇ ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಈಗ ನಮ್ಮ ಅವಸರ ಇನ್ನೂ ಜಾಸ್ತಿಯಾಗಿ, ವಡೆಯ ಊರೇ ಬೈಪಾಸ್ ಆಗಿದೆ.

2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ನನ್ನ ಬಸ್ಸು ಮಂಡ್ಯಕ್ಕೆ ಹೋಗುವುದೇ ಇಲ್ಲ, ಪಕ್ಕದಲ್ಲೇ ಜಾರಿಕೊಂಡು ಹೋಗುತ್ತದೆ. ಮಾವ ತನ್ನ ಟಿವಿಎಸ್ ಮೊಪೆಡ್ಡಿನಲ್ಲಿ ಹೈವೇಗೇ ಬಂದು ಬುತ್ತಿ ಕೊಡುತ್ತೇನೆ ಅಂತ ಹೊರಟಿದ್ದ. ಅಷ್ಟರಲ್ಲಿ ಆಗಸ್ಟ್ ಬಂತು, ದ್ವಿಚಕ್ರ ವಾಹನಗಳಿಗೆ ಅಲ್ಲಿ ಪ್ರವೇಶವೇ ಇಲ್ಲ ಅಂದರು. ಬಂದಿದ್ದರೂ ಎಸಿ ಬಸ್ಸಿನ ಕಿಟಕಿ ತೆಗೆಯಲು ಬರುತ್ತಿತ್ತಾ, ಅದು ಬೇರೆ ಮಾತು.

ಇನ್ನು ಬುತ್ತಿಯ ಕಾಟ ತಪ್ಪಿತು ಅಂದುಕೊಂಡೆ. ಆದರೆ ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ! ಈಗ ನಾನು ಹೊರಡುವ ದಿನ ಅತ್ತೆ ಮಂಡ್ಯದಿಂದ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿಗೇ ಬಂದು ಇಳಿಯುತ್ತಾಳೆ. ಟಿಕೆಟ್ಟಿನ ದುಡ್ಡು ಉಳಿದ ಖುಷಿಗೆ ಒಂದು ಚೀಲ ಜಾಸ್ತಿಯೇ ಇರುತ್ತದೆ.

ಹೋದ ಸಲವೂ ಹಾಗೇ ಆಯಿತು. ಮೂರು ಚೀಲ. ಒಂದರಲ್ಲಿ ನಿಪ್ಪಟ್ಟು, ಚಕ್ಕುಲಿ, ಬಾಳೆಹಣ್ಣು. ಇನ್ನೊಂದರಲ್ಲಿ ಮೊಮ್ಮಗಳಿಗೆ ಅಂತ ಬೆಲ್ಲ, ಹುರಳಿಕಾಳು, ನನಗೆ ಅಜೀರ್ಣ ಆದರೆ ಅಂತ ಒಂದು ಕಟ್ಟು ವೀಳ್ಯದೆಲೆ. ಮೂರನೆಯದರಲ್ಲಿ ಒಂದೇ ಒಂದು ಸ್ಟೀಲ್ ಡಬ್ಬಿ, ಇನ್ನೂ ಬಿಸಿ ಬಿಸಿ.

"ಅತ್ತೆ, ಬಸ್ಸು ಊಟಕ್ಕೆ ನಿಲ್ಲಿಸ್ತಾರೆ."

"ಆ ಹೋಟ್ಲೋರು ಯಾವ ಎಣ್ಣೆ ಹಾಕ್ತರೋ ಏನೋ. ಮೊಸರನ್ನ ಕಣ್ಲಾ. ಸುಮ್ನೆ ಇಟ್ಕೋ. ಡಬ್ಬ ಮಾತ್ರ ಜ್ವಾಪಾನ."

ಅತ್ತೆಯ ಪ್ರಯಾಣದ ಮೊಸರನ್ನ ಸಾಮಾನ್ಯದ್ದಲ್ಲ. ಬಿಸಿ ಅನ್ನವನ್ನು ಚೆನ್ನಾಗಿ ಕಿವುಚಿ, ಅದಕ್ಕೆ ಹಾಲು ಸುರಿದು, ಉಗುರುಬೆಚ್ಚಗಾದಾಗ ಒಂದೇ ಚಮಚ ಮೊಸರು ಹಾಕುತ್ತಾಳೆ. ಹಾಲು ದಾರಿಯಲ್ಲೇ ಹೆಪ್ಪಾಗುತ್ತದೆ. ನಾವು ತಿನ್ನುವ ಹೊತ್ತಿಗೆ ಹುಳಿಯೇ ಇರುವುದಿಲ್ಲ. ಮೇಲೆ ದಾಳಿಂಬೆ, ಕರಿಬೇವು, ಬಾಳಕದ ಮೆಣಸಿನಕಾಯಿಯ ಒಗ್ಗರಣೆ. ಆದರೆ ಅವತ್ತು ಬಸ್ಸಿನ ಅವಸರಕ್ಕೆ ಆರುವವರೆಗೂ ಕಾಯದೆ ಬಿಗಿಯಾಗಿ ಮುಚ್ಚಳ ಒತ್ತಿಬಿಟ್ಟಿದ್ದಳು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಸೀಟು ಕೊನೆಯ ಸಾಲಿನದು. ಬಸ್ಸಿನಲ್ಲಿ ಸುಖವಾಗಿ ಕೂರಬೇಕಾದರೆ ಮುಂದಿನ ಹಿಂದಿನ ಗಾಲಿಗಳ ನಡುವೆ ಕೂರಬೇಕು, ಅಲ್ಲಿ ಎತ್ತಿಹಾಕುವುದು ಕಡಿಮೆ. ಇದು ನನಗೆ 30 ವರ್ಷದಿಂದ ಗೊತ್ತು. ಗೊತ್ತಿದ್ದೂ ಟಿಕೆಟ್ ಬುಕ್ ಮಾಡುವುದು ಮಾತ್ರ ಹಿಂದಿನ ದಿನ ರಾತ್ರಿ. ಆಗ ಉಳಿದಿರುವುದು ಕೊನೆಯ ಸಾಲೇ. ಹಿಂದಿನ ಗಾಲಿ ದಾಟಿ ಆಚೆ ಕೂತಿರುವುದರಿಂದ ರಸ್ತೆಯ ಪ್ರತಿ ಹಳ್ಳಕ್ಕೂ ನಾವು ಎದ್ದು ನಿಂತು ಗೌರವ ಕೊಡಬೇಕು. ಸೀಟು ಹಿಂದಕ್ಕೆ ಬಾಗುವುದಿಲ್ಲ, ಗೋಡೆಯಿದೆ. ಎಂಜಿನ್ ಹಿಂದೆಯೇ ಇರುವುದರಿಂದ ಬೆನ್ನಿಗೆ ಕಾವು. ನೆತ್ತಿಗೆ ಎಸಿ. ಮುಚ್ಚೋಣ ಅಂದರೆ ಎಸಿಯ ಗುಂಡಿ ಮುರಿದಿತ್ತು. ಅತ್ತೆಯ ವೀಳ್ಯದೆಲೆ ನಾಲ್ಕನ್ನು ಸುರುಳಿ ಸುತ್ತಿ ತೂತಿಗೆ ತುರುಕಿದೆ. ಮೈಸೂರು ವೀಳ್ಯದೆಲೆಗೆ ಜಿಐ, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ ಇದೆ. ಈ ಉಪಯೋಗಕ್ಕೆ ಕೊಟ್ಟಿರಲಾರರು.

ಆಮೇಲೆ ಕತ್ತಿನ ದಿಂಬು. ಕುದುರೆ ಲಾಳದ ಆಕಾರದ್ದು, ಗಾಳಿ ಊದಿ ಹಾಕಿಕೊಳ್ಳುವುದು. ದೇವರಾಜ ಅರಸು ರಸ್ತೆಯಲ್ಲಿ ಚೌಕಾಸಿ ಮಾಡಿ ತಂದಿದ್ದೆ. ಮುಕ್ಕಾಲು ಊದಿದ್ದೆ, ಕಂಡಕ್ಟರ್ ಬಂದು "ಟಿಕೆಟ್ ತೋರ್ಸಿ ಸಾರ್" ಅಂದರು. ಬಾಯಿ ತೆಗೆದರೆ ಗಾಳಿ ಹೋಗುತ್ತದೆ. ಉಬ್ಬಿದ ಕೆನ್ನೆಯಲ್ಲೇ ಜೇಬಿನ ಕಡೆ ಕಣ್ಣು ಮಾಡಿದೆ. ಅವರಿಗೆ ಗಾಬರಿಯಾಗಿ, "ವಾಂತಿ ಬರ್ತಿದ್ಯಾ ಸಾರ್?" ಅಂತ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಪಕ್ಕದ ಸೀಟಿನ ಹುಡುಗ ಕಿವಿಯ ಹೆಡ್‌ಫೋನ್ ಸರಿಮಾಡಿಕೊಂಡು ಕಿಟಕಿಗೆ ಅಂಟಿಕೊಂಡ. ಬಿಳಿ ಟೀ ಶರ್ಟ್ ಹಾಕಿದ್ದ ಪಾಪ.

ನೀರಿನ ವಿಷಯ ಜಾಸ್ತಿ ಹೇಳುವುದಿಲ್ಲ. ಐವತ್ತು ದಾಟಿದ ಗಂಡಸು ರಾತ್ರಿ ಬಸ್ಸಿನಲ್ಲಿ ನೀರು ಕುಡಿಯುವುದು ಧೈರ್ಯದ ಕೆಲಸ, ಅಷ್ಟೇ.

ಬೆಂಗಳೂರಿನ ಟ್ರಾಫಿಕ್ ದಾಟಿ ದೇವನಹಳ್ಳಿ ಕಡೆ ಬರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಊಟಕ್ಕೆ ಯಾವಾಗ ನಿಲ್ಲಿಸ್ತೀರಿ ಅಂದರೆ "ಇನ್ನರ್ಧ ಗಂಟೆ" ಅಂದರು. ಬಸ್ಸಿನವರ ಅರ್ಧ ಗಂಟೆ ರಬ್ಬರಿನದು. ಡಬ್ಬಿ ತೆಗೆದೆ.

ಮುಚ್ಚಳ ಬರಲಿಲ್ಲ. ಬಿಸಿಯಲ್ಲಿ ಮುಚ್ಚಿದ ಡಬ್ಬಿ ಎಸಿಯಲ್ಲಿ ತಣ್ಣಗಾಗಿ, ಒಳಗಿನ ಹಬೆಯೆಲ್ಲ ನೀರಾಗಿ, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿದಿತ್ತು. ಟವೆಲ್ ಹಾಕಿ ಎಳೆದೆ. ಬೀಗದ ಕೈ ತೂರಿಸಿ ಎಬ್ಬಿಸಿದೆ. ಹಲ್ಲಿನಿಂದಲೂ ಒಂದು ಸಲ ನೋಡಿದೆ ಅಂತ ಯಾಕೆ ಮುಚ್ಚಿಡಲಿ. ಮುಂದಿನ ಸೀಟಿನ ಅಜ್ಜಿ ತಿರುಗಿ, "ಬಿಸಿನೀರಲ್ಲಿ ಇಡಪ್ಪಾ" ಅಂದರು. ಬಿಸಿನೀರೆಲ್ಲಿ ತರಲಿ? ತಟ್ಟನೆ ಹೊಳೆಯಿತು. ಬೆನ್ನ ಹಿಂದೆ ಎಂಜಿನ್ ಕಾವಿದೆಯಲ್ಲ! ಹತ್ತು ನಿಮಿಷ ಡಬ್ಬಿಯನ್ನು ಬೆನ್ನಿಗೂ ಸೀಟಿಗೂ ನಡುವೆ ಇಟ್ಟುಕೊಂಡು ಕೂತೆ, ಮೊಟ್ಟೆಗೆ ಕಾವು ಕೊಡುವ ಕೋಳಿ ಥರ.

"ಕೊಡಿ ಅಂಕಲ್" ಅಂದ ಹುಡುಗ, ಕೊನೆಗೆ ತಡೆಯಲಾರದೆ. ಡಬ್ಬಿಯನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು ಮುಚ್ಚಳಕ್ಕೆ ಕೈ ಹಾಕಿದ. ಅದೇ ಹೊತ್ತಿಗೆ ಟೋಲ್ ಬಂತು, ಡ್ರೈವರ್ ಬ್ರೇಕ್ ಒತ್ತಿದರು. ಡಬ್ ಅಂತ ಶಬ್ದ. ಮುಚ್ಚಳ ಹುಡುಗನ ಕೈ ತಪ್ಪಿ ನೆಲಕ್ಕೆ ಬಿದ್ದು, ನೆಟ್ಟಗೆ ನಿಂತು, ಸೀಟುಗಳ ನಡುವಿನ ದಾರಿಯಲ್ಲಿ ಚಕ್ರದ ಹಾಗೆ ಉರುಳಲು ಶುರುಮಾಡಿತು. ಕೊನೆಯ ಸಾಲಿನಿಂದ ಮೊದಲ ಸಾಲಿನವರೆಗೆ ಒಂದೊಂದೇ ತಲೆ ಎದ್ದು ಅದನ್ನು ನೋಡಿತು. ಮುಂದೆ ಬಾಗಿಲ ಮೆಟ್ಟಿಲಿನಲ್ಲಿ ಠಣ್, ಠಣ್, ಠಣ್. ಆಮೇಲೆ ಮೌನ.

ಮೊಸರನ್ನದ ಲೆಕ್ಕ: ಕಾಲು ಭಾಗ ಕಿಟಕಿ ಪರದೆ, ಒಂದಿಷ್ಟು ಹುಡುಗನ ಹೆಡ್‌ಫೋನ್, ಒಂದು ದಾಳಿಂಬೆ ಕಾಳು ಸರಿಯಾಗಿ ಅವನ ಬಿಳಿ ಶರ್ಟಿನ ನಡುವೆ ಬೊಟ್ಟಿಟ್ಟ ಹಾಗೆ. ನಾನು ನಾಲಿಗೆ ಒಣಗಿ "ಸಾರಿ ಕಣಪ್ಪಾ" ಅಂದೆ. ಅವನು ಬೆರಳಿಗೆ ಅಂಟಿದ್ದನ್ನು ಸುಮ್ನೆ ನೆಕ್ಕಿದ. ಇನ್ನೊಂದು ಸಲ ನೆಕ್ಕಿದ.

"ಅಂಕಲ್, ಉಪ್ಪಿನಕಾಯಿ ಇದೆಯಾ?"

ಇತ್ತು. ಉಳಿದದ್ದನ್ನು ಇಬ್ಬರೂ ಖಾಲಿ ಮಾಡಿದೆವು. ಮುಂದಿನ ಸೀಟಿನ ಅಜ್ಜಿಗೂ ಪ್ಲಾಸ್ಟಿಕ್ ಕವರಿನ ಮೇಲೆ ಎರಡು ತುತ್ತು ಹೋಯಿತು, ವಾಂತಿಗೆ ಅಂತ ಕೊಟ್ಟಿದ್ದ ಅದೇ ಕವರ್. ಅದನ್ನು ಅವರಿಗೆ ಹೇಳಲಿಲ್ಲ. ಬಾಯಿ ಚಪ್ಪರಿಸುತ್ತಿರುವಾಗ ಬಸ್ಸು ಊಟಕ್ಕೆ ನಿಂತಿತು. ನಾನು ಮೊಬೈಲ್ ಟಾರ್ಚ್ ಹಾಕಿಕೊಂಡು ಮೆಟ್ಟಿಲ ಸಂದಿ, ಬಸ್ಸಿನ ಕೆಳಗೆ ಎಲ್ಲಾ ಹುಡುಕಿದೆ. ಮುಚ್ಚಳ ಸಿಗಲಿಲ್ಲ.

ಬೆಳಿಗ್ಗೆ ಇಳಿಯುತ್ತಲೇ ಅತ್ತೆಯ ಫೋನು.

"ಮೊಸರನ್ನ ಹೆಂಗಿತ್ಲಾ?"

"ಅಮೃತ ಅತ್ತೆ. ಪಕ್ಕದ ಹುಡುಗನೂ ತಿಂದ."

"ಡಬ್ಬ ಐತಾ?"

"ಐತೆ."

"ಮುಚ್ಚಳ?"

ಅದರ ಮೇಲೆ ಮಾವನ ಹೆಸರು, 1994 ಅಂತ ಇಸವಿ ಕೆತ್ತಿಸಿತ್ತು. ಗೃಹಪ್ರವೇಶದ ಡಬ್ಬಿ. ನಾನು "ಹಲೋ, ಹಲೋ, ಸಿಗ್ನಲ್ ಇಲ್ಲ ಅತ್ತೆ" ಅಂದೆ. ಬಸ್ ಸ್ಟ್ಯಾಂಡಿನ ನಟ್ಟನಡುವೆ ನಿಂತಿದ್ದೆ, ಸಿಗ್ನಲ್ ನಾಲ್ಕೂ ಕಡ್ಡಿ ಇತ್ತು.

ಮುಂದಿನ ವಾರ ಮತ್ತೆ ಹೊರಡಬೇಕು. ಅತ್ತೆ ಆಗಲೇ ಮುಚ್ಚಳ ಇಲ್ಲದ ಡಬ್ಬಿಗೆ ಬಾಳೆಲೆ ಮುಚ್ಚಿ, ಮಾವನ ಹಳೇ ಪಂಚೆಯಲ್ಲಿ ಗಂಟು ಕಟ್ಟುವುದು ಹೇಗೆ ಅಂತ ನೋಡಿಟ್ಟುಕೊಂಡಿದ್ದಾಳಂತೆ. ನನಗೆ ಈ ಸಲವೂ ಸಿಕ್ಕಿರುವುದು ಕೊನೆಯ ಸಾಲೇ.