ಪ್ರಯೋಗಾಲಯದ ಬಾಗಿಲಲ್ಲಿ ನಿಂತವರ ನಾಟಕ

ಮೊನ್ನೆ ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಆಡಿದ ನಾಟಕ ನೋಡಿದೆ. ಭೌತವಿಜ್ಞಾನದವರೂ ಕನ್ನಡ ಎಂ.ಎ. ಓದುವವರೂ ಒಟ್ಟಿಗೆ ಕೂತು ಬರೆದದ್ದು. ವಿಜ್ಞಾನಿಗಳಾದ ಕಮಲಾ ಸೊಹೋನಿ ಮತ್ತು ಅನ್ನಾ ಮಣಿ ನಾಟಕದ ಮುಖ್ಯ ಪಾತ್ರಗಳು. ಇದು ಒಂದೇ ಪ್ರದರ್ಶನಕ್ಕೆ ನಿಂತುಬಿಡಬಾರದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಕಮಲಾ ಕಥೆ ಕೆಲವರಿಗಾದರೂ ಗೊತ್ತಿರಬಹುದು. ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದಿದ್ದ ಹುಡುಗಿ 1933ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ಅರ್ಜಿ ಹಾಕಿದರು. ಅಪ್ಪನೂ ಅಪ್ಪನ ಸಹೋದರರೂ ಅಲ್ಲೇ ಓದಿದ ರಸಾಯನವಿಜ್ಞಾನಿಗಳು. ಆಗಿನ ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣು ಅನ್ನುವ ಕಾರಣಕ್ಕೆ ಅರ್ಜಿ ವಾಪಸಾಯಿತು. ಕಮಲಾ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಒಳಗೆ ಬಿಟ್ಟರು, ಷರತ್ತು ಹಾಕಿ. ಮೊದಲ ವರ್ಷ ಪರೀಕ್ಷಾರ್ಥ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಈ ಷರತ್ತುಗಳನ್ನು ಓದುವ ದೃಶ್ಯದಲ್ಲಿ ಕಮಲಾ ಪಾತ್ರದ ಹುಡುಗಿ ತುಟಿ ಬಿಚ್ಚುವುದಿಲ್ಲ. ಒಂದೊಂದು ಷರತ್ತು ಕೇಳಿದ ಹಾಗೆಲ್ಲ ಒಂದೊಂದು ಗಾಜಿನ ಪಾತ್ರೆ ತೊಳೆದು ಮೇಜಿನ ಮೇಲೆ ಬೋರಲು ಹಾಕುತ್ತಾಳೆ, ಅಷ್ಟೇ. ಅಳು ಇಲ್ಲ, ಭಾಷಣ ಇಲ್ಲ. ಅವಳ ಕೈಗಳನ್ನು ನೋಡಿದರೆ ಸಾಕು, ಇವಳು ಇಲ್ಲಿಂದ ಕದಲುವವಳಲ್ಲ ಅಂತ ತಿಳಿಯುತ್ತದೆ. ಮುಂದೆ ಮಾರ್ಗದರ್ಶಕ ಶ್ರೀನಿವಾಸಯ್ಯನವರ ಬಳಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಕುರಿತ ಕೆಲಸ, ಆಮೇಲೆ ಕೇಂಬ್ರಿಜ್, ಜೀವಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೊಕ್ರೋಮ್ ಸಿ ಅನ್ನುವ ಪ್ರೋಟೀನ್ ಸಸ್ಯಗಳಲ್ಲಿ ಇರುವುದನ್ನು ತೋರಿಸಿ 1939ರಲ್ಲಿ ಪಿಎಚ್.ಡಿ. ಇದನ್ನೆಲ್ಲ ನಾಟಕ ಬೇಗ ಬೇಗ ದಾಟಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅನ್ನಾ ಮಣಿಯ ಭಾಗ. 1940ರಲ್ಲಿ ರಾಮನ್ ಪ್ರಯೋಗಾಲಯ ಸೇರಿದ ಅವರು ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತಗಳನ್ನು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಸಿಗುವ ಪಟ್ಟಿಗಳನ್ನು, ದಾಖಲಿಸಿದರು. ವಜ್ರದಿಂದ ಹೊಮ್ಮುವ ಬೆಳಕು ಎಷ್ಟು ಕ್ಷೀಣ ಅಂದರೆ, ಛಾಯಾಗ್ರಹಣದ ಫಲಕವನ್ನು ಅದಕ್ಕೆ 15–20 ಗಂಟೆ ಒಡ್ಡಿ ಕಾಯಬೇಕು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗಿದ್ದಾರೆ.

ಇದನ್ನು ರಂಗದ ಮೇಲೆ ಹೇಗೆ ತೋರಿಸುತ್ತೀರಿ? ಈ ಹುಡುಗರು ತೋರಿಸಿಯೇಬಿಟ್ಟರು. ದೀಪವೆಲ್ಲ ಆರಿ ಮೇಜಿನ ಮೇಲೆ ಒಂದು ಸಣ್ಣ ನೀಲಿ ಚುಕ್ಕೆ. ಹುಡುಗಿ ಫಲಕ ಕೂರಿಸಿ, ಗಡಿಯಾರ ನೋಡಿ, ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಸಭಾಂಗಣದಲ್ಲಿ ಮೊದಲು ಕುರ್ಚಿಗಳ ಕಿರುಗುಟ್ಟುವಿಕೆ, ಯಾರೋ ಮೊಬೈಲ್ ತೆಗೆದರು, ಪಿಸುಪಿಸು. ಅವಳು ಕೂತೇ ಇದ್ದಳು. ಕೆಲಹೊತ್ತಿಗೆ ನಾವೂ ಸುಮ್ಮನಾಗಿ ಆ ಚುಕ್ಕೆಯನ್ನೇ ನೋಡತೊಡಗಿದೆವು. ಹದಿನೈದು ಗಂಟೆ ಅಂತ ಪುಸ್ತಕದಲ್ಲಿ ಓದಿದಾಗ ಕಣ್ಣು ಹಾಗೇ ಮುಂದಿನ ಸಾಲಿಗೆ ಜಾರುತ್ತದೆ. ಇಲ್ಲಿ ಜಾರಲು ಬಿಡಲಿಲ್ಲ. ಪ್ರೇಕ್ಷಕರ ಚಡಪಡಿಕೆಗೆ ಹೆದರದೆ ಆ ದೃಶ್ಯವನ್ನು ಹಾಗೆಯೇ ಉಳಿಸಿಕೊಂಡ ನಿರ್ದೇಶಕಿಯ ಧೈರ್ಯ ದೊಡ್ಡದು. ಮಿಂಚು ಹೊಡೆದಂತೆ ಏನೋ ಹೊಳೆದು ಸಂಶೋಧನೆ ಆಗಿಬಿಡುತ್ತದೆ ಅಂತ ನಮ್ಮ ಮಕ್ಕಳಿಗೆ ಹೇಳಿಕೊಟ್ಟುಬಿಟ್ಟಿದ್ದೇವೆ. ಕಾಯುವುದೂ ವಿಜ್ಞಾನದ ಕೆಲಸ, ಹಾಗೆ ಕಾಯಲು ಒಂದು ಸ್ಟೂಲ್ ಹಾಕಿಸಿಕೊಳ್ಳಲಿಕ್ಕೇ ಕೆಲವರು ಹೋರಾಡಬೇಕಾಯಿತು ಅಂತ ಯಾರು ಹೇಳುತ್ತಾರೆ?

ಅಷ್ಟು ಕೆಲಸದ ಪ್ರಬಂಧವನ್ನು 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರೆ, ಎಂ.ಎಸ್ಸಿ. ಇಲ್ಲ ಅಂತ ಪಿಎಚ್.ಡಿ. ಕೊಡಲಿಲ್ಲ. ಅದೇ ವರ್ಷ ಅವರು ಲಂಡನ್ನಿಗೆ ಹೋದರು. 1948ರಲ್ಲಿ ವಾಪಸು ಬಂದು ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು.

ಎರಡು ತಕರಾರುಗಳಿವೆ. ರಾಮನ್ ಪಾತ್ರವನ್ನು ಬರೀ ಗದರುವ ಮನುಷ್ಯನನ್ನಾಗಿ ಮಾಡಿದ್ದಾರೆ, ಪ್ರೇಕ್ಷಕರಿಗೆ ಚಪ್ಪಾಳೆ ಸುಲಭವಾಗಿ ಸಿಕ್ಕಿತು. ಕಮಲಾರನ್ನು ಬೇಡವೆಂದವರೇ ಮುಂದೆ ಅನ್ನಾ ಮಣಿಯನ್ನು ಸೇರಿಸಿಕೊಂಡು ವಜ್ರಗಳನ್ನು ಕೈಗಿತ್ತವರು. ಆ ಇಬ್ಬಂದಿತನವನ್ನು ಹಿಡಿದಿದ್ದರೆ ನಾಟಕ ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಎರಡನೆಯದು ಸುನಂದಾ ಬಾಯಿ. ಅದೇ ಪ್ರಯೋಗಾಲಯದಲ್ಲಿ ಬೆಳಕಿನ ಚದುರುವಿಕೆಯ ಮೇಲೆ ಕೆಲಸ ಮಾಡಿದ, ಅನ್ನಾ ಮಣಿಯಂತೆಯೇ ಪಿಎಚ್.ಡಿ. ಸಿಗದ ಹೆಣ್ಣುಮಗಳು. ಅವರ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದು ಹೋಯಿತು. ನನಗೆ ಸಂಕಟವಾಯಿತು. ಮುಂದಿನ ಪ್ರದರ್ಶನದಲ್ಲಾದರೂ ಅವರಿಗೆ ಒಂದು ಇಡೀ ದೃಶ್ಯ ಕೊಡಿ ಅಂತ ಆ ಮಕ್ಕಳಿಗೆ ನೇರವಾಗಿಯೇ ಹೇಳಿ ಬಂದಿದ್ದೇನೆ.

ಫೆಬ್ರವರಿ 28ರಂದು ಎಲ್ಲ ಕಾಲೇಜುಗಳೂ ರಾಮನ್ ಪರಿಣಾಮವನ್ನು ನೆನೆಯುತ್ತವೆ, ನೆನೆಯಲೇಬೇಕು. ಅದೇ ದಿನ ಈ ನಾಟಕವನ್ನೂ ಆಡಿಸಿ. ಬೆಂಗಳೂರು, ಮೈಸೂರಿನ ಮಹಾರಾಣಿ ಕಾಲೇಜುಗಳಲ್ಲಿ ಮೊದಲು ಆಗಲಿ, ಆಮೇಲೆ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಹೋಗಲಿ. ದೊಡ್ಡ ರಂಗಸಜ್ಜಿಕೆ ಏನೂ ಬೇಡ: ಒಂದು ಮೇಜು, ಸ್ಟೂಲ್, ಗಾಜಿನ ಪಾತ್ರೆಗಳು, ಒಂದು ನೀಲಿ ದೀಪ. ಹೋಗಿಬರುವ ಬಸ್ ಚಾರ್ಜು ಮತ್ತು ಊಟ ನೋಡಿಕೊಂಡರೆ ಬರುತ್ತೇವೆ ಅಂದಿದ್ದಾರೆ ಹುಡುಗರು. ಪ್ರಾಂಶುಪಾಲರು, ವಿಜ್ಞಾನ ಸಂಘ ನಡೆಸುವ ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ, ಅವರನ್ನು ಸಂಪರ್ಕಿಸುವ ಜವಾಬ್ದಾರಿ ನನ್ನದು.